ಇನ್ನೂರು ವರ್ಷದ ಹಳೆಯ ಸೋಫಾಕ್ಕೆ ಇಂದಿನ ಮನೆಯಲ್ಲೂ ಜಾಗ

ಮುಂಬಯಿಯ ನಮ್ಮಂಥವರಿಗೆ ಸೋಫಾ ಎಂದರೆ ಹಗಲು ಕುಳಿತುಕೊಳ್ಳಲು, ರಾತ್ರಿ ಬಿಡಿಸಿ ಮಲಗಲು ಇರುವ ವಸ್ತು. ಊರಿನಿಂದ ನೆಂಟರು ಬಂದರೆ ಅದರ ಹೊಟ್ಟೆಯೊಳಗಿಂದ ಚಾದರ, ದಿಂಬು, ಹಳೆಯ ಕಂಬಳಿ ಎಲ್ಲ ಹೊರಬರುತ್ತವೆ. ನಮ್ಮ ಡೊಂಬಿವಲಿಯ ಮನೆಗೆ 2014ರಲ್ಲಿ ಕಂತಿನ ಮೇಲೆ ಇಂಥದ್ದೇ ಒಂದು ಸೋಫಾ ತಂದೆವು. ಕಂತು ಮುಗಿದು ಮೂರು ವರ್ಷವಾಗುವಷ್ಟರಲ್ಲಿ ಒಂದು ಬದಿ ಕುಸಿಯಿತು. ಅಡಿಭಾಗದ ಬಟ್ಟೆ ಹರಿದು ನೋಡಿದರೆ ಒಳಗಿರುವುದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮಳೆಗಾಲದ ತೇವಕ್ಕೆ ಅದು ನೆನೆದ ಬಿಸ್ಕತ್ತಿನಂತೆ ಉಬ್ಬಿತ್ತು. ಅಂಗಡಿಯವನು "ಇದು ರಿಪೇರಿ ಆಗೋದಿಲ್ಲ ಸಾಬ್, ಎಕ್ಸ್‌ಚೇಂಜ್ ಮಾಡಿ" ಎಂದು ಕೈತೊಳೆದುಕೊಂಡ.

ಆದ್ದರಿಂದ 2023ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಕೆಲಸದಲ್ಲಿರುವ ಮಗಳು ಫೋನ್ ಮಾಡಿ, "ಅಪ್ಪಾ, ಇನ್ನೂರು ವರ್ಷದ ಹಿಂದಿನ ಒಂದು ಸೋಫಾ ಕೊಳ್ಳಬೇಕೆಂದಿದ್ದೇವೆ" ಎಂದಾಗ ನನಗೆ ನಗು ಬಂತು, ನನ್ನಾಕೆಗೆ ಸಿಟ್ಟು ಬಂತು. ಇನ್ನೊಬ್ಬರು ಬಳಸಿ ಬಿಟ್ಟ ಹಳೆಯ ಸಾಮಾನಿಗೆ ಹೊಸದರ ಮೂರು ಪಟ್ಟು ದುಡ್ಡೇ? ಹೇಗೂ ಆ ವರ್ಷ ಮೂರು ವಾರ ಅಲ್ಲಿಗೆ ಹೋಗುವುದಿತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಗಿರವಿ ಚಿನ್ನ ತೂಗಿದವನು ನಾನು. ನೋಡದೆ, ಉಜ್ಜದೆ ಯಾವುದಕ್ಕೂ ಬೆಲೆ ಕಟ್ಟಬೇಡ, ನಾನು ಬರುವ ತನಕ ಮುಂಗಡ ಕೊಡಬೇಡ ಎಂದು ತಾಕೀತು ಮಾಡಿದೆ.

ಆ ಸೋಫಾದ ಶೈಲಿಗೆ ಬೀಡರ್‌ಮಯರ್ ಎಂದು ಹೆಸರು. ನಮ್ಮ ಬೀದರ್‌ಗೂ ಇದಕ್ಕೂ ಸಂಬಂಧವಿಲ್ಲ. ಜರ್ಮನ್ ಭಾಷೆಯಲ್ಲಿ ಬೀಡರ್ ಎಂದರೆ ಸಾದಾ, ಪ್ರಾಮಾಣಿಕ, ಸ್ವಲ್ಪ ಪೆದ್ದು ಎಂಬ ಛಾಯೆಯೂ ಉಂಟು. ಮಯರ್ ಎಂಬುದು ಅಲ್ಲಿ ಬೀದಿಗೊಬ್ಬರಿಗೆ ಇರುವ ಅಡ್ಡಹೆಸರು. ಲುಡ್ವಿಗ್ ಐಕ್‌ರೋಟ್ ಎಂಬ ವಕೀಲಿ ಓದಿದವರೂ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯರೂ ಸೇರಿ, ಒಬ್ಬ ಹಳ್ಳಿ ಮೇಷ್ಟ್ರು ಬರೆದ ಮುಗ್ಧ ಪದ್ಯಗಳನ್ನು ಅಣಕಿಸಲು ಗಾಟ್‌ಲೀಬ್ ಬೀಡರ್‌ಮಯರ್ ಎಂಬ ಕಾಲ್ಪನಿಕ ಕವಿಯನ್ನು ಸೃಷ್ಟಿಸಿದರು. 1855ರಿಂದ ಮ್ಯೂನಿಕ್‌ನ ಒಂದು ಹಾಸ್ಯಪತ್ರಿಕೆಯಲ್ಲಿ ಈ ಪದ್ಯಗಳು ಅಚ್ಚಾದವು. ಮನೆ, ಮಡದಿ, ತೋಟ, ಊಟ, ಇಷ್ಟಿದ್ದರೆ ಸಾಕು ಎನ್ನುವವನು ಈ ಕವಿ. ಮುಂದೆ ಅವನ ಹೆಸರೇ 1815ರಿಂದ 1848ರವರೆಗಿನ ಕಾಲಕ್ಕೂ ಆ ಕಾಲದ ಮೇಜು ಕುರ್ಚಿಗಳಿಗೂ ಅಂಟಿಕೊಂಡಿತು. ಅಂದರೆ ಸೋಫಾ ಮಾಡಿದವನಿಗೂ ಅದರ ಮೇಲೆ ಕುಳಿತವನಿಗೂ ಈ ಹೆಸರು ಗೊತ್ತಿರಲಿಲ್ಲ. ಅಂದ ಹಾಗೆ, ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋದವರಲ್ಲಿ ಕಾಣುವ ದೀರ್ಘ ಉಸಿರಾಟಕ್ಕೆ ವೈದ್ಯರು ಇಂದಿಗೂ ಹೇಳುವ ಕುಸ್‌ಮೌಲ್ ಎಂಬ ಹೆಸರು ಇದೇ ಮಹಾಶಯರದ್ದು.

ದುಡ್ಡಿಲ್ಲದ ಕಾಲದ ಸರಕು

ಈ ಸೋಫಾ ಹುಟ್ಟಿದ ಕಾಲ ಸುಖದ ಕಾಲವಲ್ಲ. ನೆಪೋಲಿಯನ್ ಜೊತೆಗಿನ ಯುದ್ಧಗಳಿಂದ ಆಸ್ಟ್ರಿಯಾದ ಖಜಾನೆ ಬರಿದಾಗಿ 1811ರಲ್ಲಿ ಸರಕಾರವೇ ದಿವಾಳಿ ಎದ್ದಿತು. ಜನರ ಕೈಯಲ್ಲಿದ್ದ ಕಾಗದದ ಹಣವನ್ನು ಐದಕ್ಕೆ ಒಂದರಂತೆ ಹೊಸ ಕಾಗದಕ್ಕೆ ಬದಲಾಯಿಸಿ ಕೊಟ್ಟರು. 2016ರ ನವೆಂಬರ್‌ನಲ್ಲಿ ಬ್ಯಾಂಕಿನ ಕೌಂಟರ್ ಹಿಂದೆ ಕುಳಿತಿದ್ದ ನನ್ನಂಥವರು ಜನರ ಮುಖ ನೋಡಿದ್ದೇವೆ. ಆದರೆ ಆಗ ಜಮಾ ಮಾಡಿದ ಐನೂರಕ್ಕೆ ಐನೂರೇ ಖಾತೆಗೆ ಬಂತು. ಅಲ್ಲಿ ಐನೂರಕ್ಕೆ ನೂರು! ಆಸ್ಟ್ರಿಯಾದ ರಾಷ್ಟ್ರೀಯ ಬ್ಯಾಂಕ್ ಹುಟ್ಟಿದ್ದು ಈ ಪೆಟ್ಟಿನ ನಂತರವೇ, 1816ರಲ್ಲಿ.

ಇನ್ನೊಂದು ಪೆಟ್ಟು ಮರಕ್ಕೆ ಬಿತ್ತು. ಇಂಗ್ಲೆಂಡಿನ ವ್ಯಾಪಾರ ತಡೆಯಲು 1806ರಲ್ಲಿ ನೆಪೋಲಿಯನ್ ಹಾಕಿದ ದಿಗ್ಬಂಧನದಿಂದಾಗಿ ಹಡಗಿನಲ್ಲಿ ಬರುವ ಮಹಾಗನಿ ಮರ ದುರ್ಲಭವಾಗಿ ದುಬಾರಿಯಾಯಿತು. ಬಡಗಿಗಳು ಸುತ್ತಮುತ್ತಲೇ ಸಿಗುವ ಮರಗಳ ಕಡೆ ತಿರುಗಿದರು: ವಾಲ್‌ನಟ್, ಚೆರ್ರಿ, ಪೇರ್, ಮೇಪಲ್, ಬರ್ಚ್. ಅದನ್ನೂ ಇಡಿಯಾಗಿ ಬಳಸದೆ, ಒಳಗೆ ಅಗ್ಗದ ಪೈನ್ ಮರದ ಚೌಕಟ್ಟು ಮಾಡಿ, ಮೇಲೆ ಒಳ್ಳೆಯ ಮರದ ತೆಳು ಪದರವನ್ನು ಅಂಟಿಸಿದರು. ಇದಕ್ಕೆ ವೆನೀರ್ ಎನ್ನುತ್ತಾರೆ. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದ ಎರಡು ಪದರಗಳನ್ನು ಪುಸ್ತಕ ತೆರೆದಂತೆ ಬಿಡಿಸಿ ಅಕ್ಕಪಕ್ಕ ಜೋಡಿಸಿದರೆ ಮರದ ನಾರಿನ ಗೆರೆಗಳು ಎಡಬಲಕ್ಕೆ ಕನ್ನಡಿಯಂತೆ ಹೊಂದುತ್ತವೆ. ಸೋಫಾದ ಬೆನ್ನಿನ ನಡುವೆ ಜ್ವಾಲೆಯಂತೆ, ಕಾರಂಜಿಯಂತೆ ಕಾಣುವ ಚಿತ್ರ ಕೆತ್ತಿದ್ದೂ ಅಲ್ಲ, ಬರೆದದ್ದೂ ಅಲ್ಲ, ಮರದ್ದೇ. ಅರಮನೆಯ ಪೀಠೋಪಕರಣಗಳ ಚಿನ್ನದ ಲೇಪ, ಕಂಚಿನ ಸಿಂಹದ ಮುಖಗಳಿಗೆ ಇಲ್ಲಿ ಜಾಗವೇ ಇಲ್ಲ. ಹೆಚ್ಚೆಂದರೆ ಅಂಚಿನಲ್ಲಿ ಒಂದು ಕಪ್ಪು ಗೆರೆ.

ಆ ಮರದ ಮೇಲಿನ ಹೊಳಪಿನ ವಿಷಯ ತಿಳಿದಾಗ ನನಗೆ ನಿಜಕ್ಕೂ ಅಚ್ಚರಿಯಾಯಿತು. ಅದು ಶೆಲ್ಲಾಕ್, ಅಂದರೆ ನಮ್ಮ ಅರಗು. ಮುತ್ತುಗ, ಕುಸುಮ, ಬೋರೆ ಮರಗಳ ರೆಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅಂಟು. ಛೋಟಾ ನಾಗಪುರದ ಕಾಡುಗಳಲ್ಲಿ ಅದನ್ನು ಕೆರೆದು, ಕರಗಿಸಿ, ಹಾಳೆ ಮಾಡಿ ಕಲ್ಕತ್ತಾ ಬಂದರಿನಿಂದ ಯುರೋಪಿಗೆ ಕಳಿಸುತ್ತಿದ್ದರು. ಅಲ್ಲಿಯ ಪಾಲಿಶ್ ಕಸುಬುದಾರರು ಅದನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರ ತಿಕ್ಕಿ ತಿಕ್ಕಿ ಕನ್ನಡಿಯ ಮಿಂಚು ತರುತ್ತಿದ್ದರು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕಥೆ ಕೇಳಿ ಬೆಳೆದವರು ನಾವು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವುದೂ ಇದೇ ಅರಗು. ಮಗಳ ಮನೆಯ ಕಪಾಟಿನಲ್ಲಿ ಚನ್ನಪಟ್ಟಣದ ಒಂದು ಬುಗುರಿ ಇತ್ತು. ಅದನ್ನೂ ಒಂದು ಹಳೆಯ ಸೋಫಾದ ಕೈಯನ್ನೂ ಅಕ್ಕಪಕ್ಕ ಮುಟ್ಟಿ ನೋಡಿದೆ, ಒಂದೇ ನುಣುಪು. ಆದರೆ ಎಚ್ಚರಿಕೆ: ಅರಗಿನ ಮೇಲೆ ಬಿಸಿ ಚಹದ ಲೋಟ ಇಟ್ಟರೆ ಬಿಳಿಯ ವೃತ್ತ ಮೂಡುತ್ತದೆ, ಸ್ಪಿರಿಟ್ ಚೆಲ್ಲಿದರೆ ಕರಗಿಯೇ ಹೋಗುತ್ತದೆ.

ಬಾಗಿಲು ಹಾಕಿಕೊಂಡು ಮಾತನಾಡಿದವರು

ವಿಯೆನ್ನಾದ ಆಂಡ್ರೆಯಾಸ್‌ಗಾಸ್ಸೆ ಎಂಬ ಬೀದಿಯಲ್ಲಿ ಪೀಠೋಪಕರಣಗಳದ್ದೇ ಒಂದು ಮ್ಯೂಸಿಯಂ ಇದೆ. ಹಿಂದೆ ರಾಜಮನೆತನದ ಮೇಜು ಕುರ್ಚಿಗಳ ಉಗ್ರಾಣವಾಗಿತ್ತಂತೆ. ಅಲ್ಲಿ ಬೀಡರ್‌ಮಯರ್ ಕಾಲದ ಕೋಣೆಗಳನ್ನು ಹಾಗೆಯೇ ಜೋಡಿಸಿಟ್ಟಿದ್ದಾರೆ. ಗೋಡೆಗೆ ತಾಗಿ ಸೋಫಾ, ಅದರ ಮುಂದೆ ದುಂಡು ಮೇಜು, ಸುತ್ತ ನಾಲ್ಕಾರು ಕುರ್ಚಿ, ಕಿಟಕಿಯ ಬಳಿ ಹೊಲಿಗೆಯ ಪುಟ್ಟ ಮೇಜು. ಇಂದು ನಾವು ಹಾಲ್ ಎನ್ನುವ ಕೋಣೆಯಲ್ಲಿ ಸೋಫಾ, ಟೀಪಾಯಿ, ಎದುರು ಬದಿರು ಕುರ್ಚಿ ಇಡುತ್ತೇವಲ್ಲ, ಅದರ ಅಜ್ಜನ ಮನೆ ಇದು. ಅರಮನೆಗಳಲ್ಲಿ ಕುರ್ಚಿಗಳು ಗೋಡೆಗುಂಟ ಸಾಲಾಗಿ ನಿಂತಿರುತ್ತಿದ್ದವು, ಕುಳಿತವರಿಗಿಂತ ನೋಡುವವರಿಗಾಗಿ. ಇಲ್ಲಿ ಅವು ಒಂದಕ್ಕೊಂದು ಮುಖ ಮಾಡಿವೆ.

ಹೀಗೆ ಮನೆಯೊಳಗೆ ಮುಖಾಮುಖಿ ಕೂರಲು ಇನ್ನೊಂದು ಕಾರಣವೂ ಇತ್ತು. 1815ರ ವಿಯೆನ್ನಾ ಸಮ್ಮೇಳನದ ನಂತರ ಆಡಳಿತದಲ್ಲಿ ಮೆಟರ್ನಿಕ್‌ನ ಕೈ ಬಿಗಿಯಾಯಿತು. 1819ರ ಕಾರ್ಲ್ಸ್‌ಬಾಡ್ ನಿರ್ಣಯಗಳು ಪತ್ರಿಕೆಗಳಿಗೆ ಸೆನ್ಸಾರ್ ಹೇರಿದವು, ವಿದ್ಯಾರ್ಥಿ ಸಂಘಗಳನ್ನು ನಿಷೇಧಿಸಿದವು. ಕಾಫಿ ಹೌಸಿನಲ್ಲಿ ಪಕ್ಕದ ಮೇಜಿನವನು ಗೂಢಚಾರನಿರಬಹುದು. ಸಂಗೀತಗಾರ ಶೂಬರ್ಟ್‌ನ ಗೆಳೆಯ, ಕವಿ ಯೋಹಾನ್ ಸೆನ್‌ನ ಕೋಣೆಗೆ 1820ರಲ್ಲಿ ಪೊಲೀಸರು ನುಗ್ಗಿದಾಗ ಅಲ್ಲಿದ್ದ ಶೂಬರ್ಟ್‌ನನ್ನೂ ಹಿಡಿದರು. ಶೂಬರ್ಟ್ ಬೇಗ ಬಿಡುಗಡೆಯಾದ. ಸೆನ್ ಒಂದು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದು ವಿಯೆನ್ನಾದಿಂದಲೇ ಹೊರಹಾಕಲ್ಪಟ್ಟ. ಶೂಬರ್ಟ್‌ನ ಹಾಡುಗಳು ಗೆಳೆಯರ ಮನೆಗಳ ಹಾಲ್‌ನಲ್ಲಿ ಮೊಳಗಿದವು, ಆ ಕೂಟಗಳಿಗೆ ಶೂಬರ್ಟಿಯಾಡ್ ಎಂದೇ ಹೆಸರಾಯಿತು. ಚಿತ್ರಕಾರ ಮೋರಿಟ್ಸ್ ಫಾನ್ ಶ್ವಿಂಟ್ ಅಂಥ ಒಂದು ಸಂಜೆಯನ್ನು 1868ರಲ್ಲಿ, ಗೆಳೆಯ ಸತ್ತು ನಲವತ್ತು ವರ್ಷವಾದ ಮೇಲೆ, ನೆನಪಿನಿಂದ ಬಿಡಿಸಿದ. ಒಂದೇ ಕೋಣೆಯಲ್ಲಿ ಅಷ್ಟು ಜನ!

ನಮ್ಮ ಸಂಘಗಳ ಹಿರಿಯ ಸದಸ್ಯರಿಗೆ ಈ ಚಿತ್ರ ಅಪರಿಚಿತವೆನಿಸದು. ಸ್ವಂತ ಸಭಾಗೃಹ ಆಗುವ ಮೊದಲು ಎಷ್ಟು ಕಾರ್ಯಕಾರಿ ಸಮಿತಿ ಸಭೆಗಳು, ಎಷ್ಟು ನಾಟಕದ ರಿಹರ್ಸಲ್‌ಗಳು ಯಾರದೋ ಚಾಳಿನ ಖೋಲಿಯಲ್ಲಿ ನಡೆದಿಲ್ಲ! ನಮಗೆ ಜಾಗದ ಅಭಾವವಿತ್ತು, ಅವರಿಗೆ ಪೊಲೀಸರ ಭಯವಿತ್ತು, ವ್ಯತ್ಯಾಸ ಅಷ್ಟೇ ಅಲ್ಲ, ಬಹಳ ದೊಡ್ಡದು. ಆದರೂ ಮನೆಯ ಆಸನವೇ ಸಭೆಯ ಆಸನವಾಗುವುದು ಎರಡೂ ಕಡೆ ಒಂದೇ.

ಇದು ಮಧ್ಯಮ ವರ್ಗದ ಶೈಲಿ ಎಂದೇ ಬಹುಕಾಲ ನಂಬಿಕೆಯಿತ್ತು. 2006ರಲ್ಲಿ ಅಮೆರಿಕದ ಮಿಲ್ವಾಕಿ ಕಲಾ ಮ್ಯೂಸಿಯಂನಲ್ಲಿ ಆರಂಭವಾಗಿ ವಿಯೆನ್ನಾ, ಬರ್ಲಿನ್, ಪ್ಯಾರಿಸ್‌ಗೂ ಹೋದ ದೊಡ್ಡ ಪ್ರದರ್ಶನವೊಂದು ಈ ನಂಬಿಕೆಯನ್ನು ತಿದ್ದಿತು. ರಾಜಮನೆತನದವರೂ ಶ್ರೀಮಂತರೂ ತಮ್ಮ ದರ್ಬಾರಿನ ಕೋಣೆಗಳಲ್ಲಿ ಚಿನ್ನದ ಲೇಪವನ್ನೇ ಇಟ್ಟುಕೊಂಡು, ಖಾಸಗಿ ಕೋಣೆಗಳಿಗೆ ಮಾತ್ರ ಈ ಸಾದಾ ಸಾಮಾನನ್ನು ಮೊದಲೇ ಮಾಡಿಸಿಕೊಂಡಿದ್ದರು; ಮಧ್ಯಮ ವರ್ಗಕ್ಕೆ ಅದು ನಂತರ ಇಳಿಯಿತು. ಅದೇ ಪ್ರದರ್ಶನ ಇನ್ನೊಂದು ತಪ್ಪನ್ನೂ ತಿದ್ದಿತು. ಇಂದು ಈ ಸೋಫಾಗಳಿಗೆ ತಿಳಿ ಕೆನೆ ಬಣ್ಣದ ಬಟ್ಟೆ ಹಾಕುವುದು ರೂಢಿ. ಆದರೆ ಆ ಕಾಲದ ಬಟ್ಟೆಗಳು ಗಾಢ ನೀಲಿ, ಗಿಳಿ ಹಸಿರು, ಹಳದಿ, ಪಟ್ಟೆ ಪಟ್ಟೆ, ಕಣ್ಣು ಕುಕ್ಕುವಂಥವು. ನನ್ನಾಕೆಗೆ ಈ ಮಾತು ತುಂಬ ಹಿಡಿಸಿತು. ನಮ್ಮ ಹಾಲ್‌ಗೆ ಅವಳು ಆರಿಸಿದ ನವಿಲು ಬಣ್ಣದ ಪರದೆಯನ್ನು ಮಗಳು ಗೇಲಿ ಮಾಡಿದ್ದಳು.

ಆ ಕಾಲದ ವಿಯೆನ್ನಾದ ದೊಡ್ಡ ಹೆಸರು ಯೋಸೆಫ್ ಡಾನ್‌ಹೌಸರ್. ಸೋಫಾದಿಂದ ಹಿಡಿದು ದೀಪ, ಪರದೆಯವರೆಗೆ ಒಂದು ಮನೆಗೆ ಬೇಕಾದ್ದೆಲ್ಲ ಅವನ ಕಾರ್ಖಾನೆಯಲ್ಲಿ ಸಿಗುತ್ತಿತ್ತು. ಗ್ರಾಹಕ ನಕ್ಷೆ ನೋಡಿ ಆರಿಸಬಹುದಿತ್ತು. ಆ ನಕ್ಷೆಗಳು ಎರಡೂವರೆ ಸಾವಿರದಷ್ಟು ವಿಯೆನ್ನಾದ ಅನ್ವಯಿಕ ಕಲೆಗಳ ಮ್ಯೂಸಿಯಂನಲ್ಲಿ ಉಳಿದಿವೆ. ಸೋಫಾದ ಕೈ ಹಂಸದ ಕುತ್ತಿಗೆಯಂತೆ ಸುರುಳಿ ಸುತ್ತಿದ್ದು, ನೆಟ್ಟಗಿನ ಡಬ್ಬದಂಥದ್ದು, ಹೊರಕ್ಕೆ ಬಾಗಿದ್ದು, ಬಗೆಬಗೆ. ಅವನ ಮಗ, ಅದೇ ಹೆಸರಿನವನು, ಚಿತ್ರಕಾರ. 1827ರಲ್ಲಿ ಬೇಥೋವನ್ ಸತ್ತಾಗ ಆತನ ಮುಖದ ಅಚ್ಚು ತೆಗೆದವನು. 1822ರಲ್ಲಿ ವಿಯೆನ್ನಾದ ಗಿಯೋರ್ಗ್ ಯೂನಿಗ್ಲ್ ಎಂಬ ಗಾದಿ ಕಸುಬುದಾರ ಕಬ್ಬಿಣದ ಸುರುಳಿ ಸ್ಪ್ರಿಂಗ್ ಹಾಕಿದ ಆಸನಕ್ಕೆ ಪೇಟೆಂಟ್ ಪಡೆದ. ಇಂದು ನಾವು ಕುಳಿತ ಕೂಡಲೇ ಮೆತ್ತಗೆ ಇಳಿಯುತ್ತೇವಲ್ಲ, ಆ ಸುಖದ ಆರಂಭ ಅಲ್ಲಿದೆ.

ಗಿರವಿ ಅಂಗಡಿಯಿಂದ ಹರಾಜು ಮನೆಗೆ

ಹಳೆಯ ಸಾಮಾನು ಕೊಳ್ಳುವವರು ವಿಯೆನ್ನಾದಲ್ಲಿ ಮೊದಲು ಹೋಗುವ ಜಾಗ ಡೊರೊಥೆಯಂ. 1707ರಲ್ಲಿ ಚಕ್ರವರ್ತಿ ಒಂದನೇ ಯೋಸೆಫ್ ಬಡವರಿಗೆ ಸಾಲ ಸಿಗಲೆಂದು ತೆರೆದ ಸರಕಾರಿ ಗಿರವಿ ಕಚೇರಿ ಇದು. ಬಿಡಿಸಿಕೊಳ್ಳದ ಒತ್ತೆಯನ್ನು ಹರಾಜು ಹಾಕುತ್ತಾ ಹಾಕುತ್ತಾ ದೊಡ್ಡ ಹರಾಜು ಸಂಸ್ಥೆಯಾಗಿ ಬೆಳೆಯಿತು. 2001ರಲ್ಲಿ ಖಾಸಗಿಯವರ ಕೈಗೆ ಹೋಯಿತು. ಅರಮನೆಯಂಥ ಆ ಕಟ್ಟಡದ ಮೆಟ್ಟಿಲು ಹತ್ತುವಾಗ ನಮ್ಮ ಶಾಖೆಯ ಗೋಲ್ಡ್ ಲೋನ್ ಕೌಂಟರ್ ನೆನಪಾಗಿ ನನಗೊಬ್ಬನಿಗೇ ನಗು ಬಂತು. ಅಲ್ಲಿ ಕಣ್ಣಾರೆ ನೋಡಿದ ಸೋಫಾಗಳು ನಮ್ಮ ಕೈಗೆಟುಕುವಂತಿರಲಿಲ್ಲ. ಆದರೂ ಈ ಮರದ ಸಾಮಾನುಗಳ ಬೆಲೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಎತ್ತರದಿಂದ ಸಾಕಷ್ಟು ಇಳಿದಿದೆ. ಕೊಂಡು ಇಟ್ಟರೆ ಬೆಲೆ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೂರಲು ಬೇಕಿದ್ದರೆ ಮಾತ್ರ ಕೊಳ್ಳಿ.

ಮಗಳು ನೋಡಿಟ್ಟಿದ್ದು ಬೇರೊಂದು ಸಣ್ಣ ಅಂಗಡಿಯಲ್ಲಿ. ಚೆರ್ರಿ ಮರ, ಜೇನಿನ ಬಣ್ಣ, ಸುಮಾರು ಎರಡು ಮೀಟರ್ ಉದ್ದ. ಅಂಗಡಿಯವನು 1825ರದ್ದು ಎಂದು ಚೀಟಿ ಅಂಟಿಸಿದ್ದ. ಅಷ್ಟರಲ್ಲಿ ನಾನು ಮ್ಯೂಸಿಯಂನಲ್ಲಿ ಕೇಳಿ ಕೇಳಿ ಒಂದಿಷ್ಟು ಪಾಠ ಕಲಿತಿದ್ದೆ. ಆ ಕಾಲದಲ್ಲಿ ವೆನೀರನ್ನು ಕೈಗರಗಸದಿಂದ ಸೀಳುತ್ತಿದ್ದರು, ಹಾಗಾಗಿ ಪದರ ಸುಮಾರು ಎರಡು ಮಿಲಿಮೀಟರ್ ದಪ್ಪ ಇರಬೇಕು, ದಪ್ಪ ಅಲ್ಲಲ್ಲಿ ಹೆಚ್ಚು ಕಡಿಮೆಯಾಗಿರಬೇಕು. ಯಂತ್ರದಲ್ಲಿ ಕೊಯ್ದದ್ದು ಕಾಗದದಂತೆ ತೆಳು, ಎಲ್ಲ ಕಡೆ ಒಂದೇ ಸಮ. ಹಿಂಬದಿ ಕಾಲಿನ ಬಳಿ ಒಂದು ಚಕ್ಕೆ ಎದ್ದಿತ್ತು. ಕನ್ನಡಕ ಸರಿಮಾಡಿಕೊಂಡು ಮೊಣಕಾಲೂರಿ ನೋಡಿದೆ: ಪೋಸ್ಟ್‌ಕಾರ್ಡಿನಷ್ಟು ತೆಳು. ಅಳಿಯ ಪರಿಚಯದ ಒಬ್ಬ ರಿಪೇರಿ ಕಸುಬುದಾರನನ್ನು ಕರೆದು ತೋರಿಸಿದ. ಅವನು ಅಡಿಭಾಗ ತಟ್ಟಿ, ಮೊಳೆಗಳನ್ನು ಮುಟ್ಟಿ, ಇದು 1900ರ ಸುಮಾರಿನದು ಎಂದ. ಅಂಗಡಿಯವನ ಮುಖ ಸಣ್ಣದಾಯಿತು, ಬೆಲೆಯೂ ಸಣ್ಣದಾಯಿತು.

ಅಂದರೆ ನಕಲಿಯೇ? ಹಾಗೆ ಹೇಳಿಬಿಡುವುದೂ ಸರಿಯಲ್ಲ. 1848ರ ಮಾರ್ಚ್‌ನಲ್ಲಿ ಜನ ಬೀದಿಗಿಳಿದು ಮೆಟರ್ನಿಕ್ ರಾಜೀನಾಮೆ ಕೊಟ್ಟು ಇಂಗ್ಲೆಂಡಿಗೆ ಓಡಿದ ನಂತರ ಈ ಶೈಲಿ ಹಿಂದೆ ಸರಿಯಿತು, ಮತ್ತೆ ಕೆತ್ತನೆ, ಗೊಂಡೆ, ಮಖಮಲ್ಲಿನ ಅಬ್ಬರ ಬಂತು. ಐವತ್ತು ವರ್ಷದಲ್ಲಿ ಅದೂ ಸಾಕಾಯಿತು. 1896ರಲ್ಲಿ ವಿಯೆನ್ನಾ ಸಮ್ಮೇಳನದ ಕಾಲದ ವಸ್ತುಗಳ ಪ್ರದರ್ಶನ ನಡೆದಾಗ ಅಜ್ಜಿಯ ಕಾಲದ ಸಾದಾ ಸೋಫಾ ಹೊಸದಾಗಿ ಕಂಡಿತು. ಆಧುನಿಕ ವಿನ್ಯಾಸದ ಹರಿಕಾರರೆನಿಸಿದ ಯೋಸೆಫ್ ಹಾಫ್‌ಮನ್, ಅಡಾಲ್ಫ್ ಲೂಸ್ ಇಬ್ಬರೂ ಇದನ್ನು ಮೆಚ್ಚಿದವರೇ. 1908ರಲ್ಲಿ ಪೌಲ್ ಮೇಬೆಸ್ ಎಂಬ ವಾಸ್ತುಶಿಲ್ಪಿ 1800ರ ಸುಮಾರಿನ ಕಟ್ಟಡ, ಸಾಮಾನುಗಳ ಚಿತ್ರಗಳ ಪುಸ್ತಕವನ್ನೇ ತಂದ. ಬೇಡಿಕೆ ಬಂದ ಮೇಲೆ ಹೊಸದಾಗಿ ಮಾಡುವವರೂ ಹುಟ್ಟಿಕೊಂಡರು. ಮಗಳ ಸೋಫಾ ಆ ಎರಡನೇ ಸುತ್ತಿನದು. ಮೋಸಕ್ಕಾಗಿ ಮಾಡಿದ್ದಲ್ಲ, ಮೆಚ್ಚಿ ಮಾಡಿದ್ದು. ಮೋಸ ಆಗಿದ್ದು ಚೀಟಿಯಲ್ಲಿ ಮಾತ್ರ.

ಬಿಳಿ ಗೋಡೆ, ದೊಡ್ಡ ಕಿಟಕಿ, ಕೆತ್ತನೆಯಿಲ್ಲದ ಇಂದಿನ ಫ್ಲ್ಯಾಟಿನಲ್ಲಿ ಇದು ಹೊಂದಿಕೊಳ್ಳುವುದಕ್ಕೆ ಕಾರಣವೂ ಇಲ್ಲೇ ಸಿಗುತ್ತದೆ. ಇಂದಿನ ನೇರ ಗೆರೆಯ ವಿನ್ಯಾಸಕ್ಕೂ ಇದಕ್ಕೂ ರಕ್ತಸಂಬಂಧವಿದೆ. ಕೋಣೆಯಲ್ಲಿ ಇದೊಂದನ್ನೇ ಇಟ್ಟರೂ ಸಾಕು, ಮರದ ಗೆರೆಗಳೇ ಚಿತ್ರಪಟದ ಕೆಲಸ ಮಾಡುತ್ತವೆ. ಕೂರುವ ಸುಖದ ಬಗ್ಗೆ ಮಾತ್ರ ನಿಜ ಹೇಳಬೇಕು: ಕಾಲು ಚಾಚಿ ಟಿ.ವಿ. ನೋಡುವವರಿಗೆ ಇದು ಹೇಳಿಸಿದ್ದಲ್ಲ. ಬೆನ್ನು ನೆಟ್ಟಗೆ, ಆಸನ ಎತ್ತರ, ಗಾದಿ ಬಿಗಿ. ಆದರೆ ಮೊಣಕಾಲು ನೋವಿನ ನನ್ನಂಥವರು ಯಾರ ಕೈ ಹಿಡಿಯದೆ ಎದ್ದು ನಿಲ್ಲಬಹುದು. ಹಗುರ ಹಳೆಯ ಸಾಮಾನಾದರೂ ಲಿಫ್ಟಿನಲ್ಲಿ ಹಿಡಿಯಲಿಲ್ಲ, ನಾಲ್ಕು ಜನ ಮೂರು ಮಹಡಿ ಹೊತ್ತು ತಂದರು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದನ್ನು ಬಿಚ್ಚಿದ ದಿನ. ಅದೇ ಕಸುಬುದಾರ ಮೇಲಿನ ಬಟ್ಟೆ ತೆಗೆದ, ಅದರ ಕೆಳಗೆ ಇನ್ನೊಂದು ಹಳೆಯ ಬಟ್ಟೆ, ಅದರ ಕೆಳಗೆ ಕುದುರೆ ಕೂದಲು, ಗೋಣಿ, ದಾರದಿಂದ ಕಟ್ಟಿದ ಸ್ಪ್ರಿಂಗ್‌ಗಳು, ಅಡಿಗೆ ಹೆಣೆದ ಪಟ್ಟಿ. ಎಷ್ಟೋ ಕಡೆ ದಾರ ತುಂಡಾಗಿತ್ತು, ಸ್ಪ್ರಿಂಗ್ ಒಂದೂ ಹಾಳಾಗಿರಲಿಲ್ಲ. ಕುದುರೆ ಕೂದಲನ್ನು ಬಿಡಿಸಿ, ತೊಳೆದು, ಒಣಗಿಸಿ, ಅದನ್ನೇ ತಿರುಗಿ ತುಂಬಿದ. ನಮ್ಮ ಊರಿನಲ್ಲಿ ಬೇಸಿಗೆಯಲ್ಲಿ ಹತ್ತಿಯ ಹಾಸಿಗೆ ಬಿಚ್ಚಿ ಬಿಸಿಲಿಗೆ ಹಾಕಿ ಬಡಿಯುತ್ತಿದ್ದರಲ್ಲ, ಹಾಗೆ. ಆಗ ಡೊಂಬಿವಲಿಯ ಆ ಬಿಸ್ಕತ್ತು ಹಲಗೆ ನೆನಪಾಯಿತು. ಅದಕ್ಕಿಂತಲೂ ಹೆಚ್ಚಾಗಿ, 1996ರಲ್ಲಿ ಗಿರ್‌ಗಾಂವ್ ಚಾಳಿನಿಂದ ಮನೆ ಬದಲಿಸುವಾಗ "ಹೊಸ ಮನೆಗೆ ಹಳೆಯದೇಕೆ" ಎಂದು ನಾನೇ ಭಂಗಾರ್‌ವಾಲಾನಿಗೆ ತೂಕಕ್ಕೆ ಕೊಟ್ಟ ತಂದೆಯವರ ಸಾಗುವಾನಿ ಬೆಂಚು ನೆನಪಾಯಿತು. ತಂದೆ ಆಗ ಏನೂ ಹೇಳಲಿಲ್ಲ. ಟೆಂಪೋ ಹೊರಡುವ ತನಕ ಗ್ಯಾಲರಿಯಲ್ಲಿ ನಿಂತಿದ್ದರು.

ಮುಂಬಯಿಯಲ್ಲಿ ಬೀಡರ್‌ಮಯರ್ ಸೋಫಾ ಹುಡುಕಿದರೆ ಸಿಗುವುದು ಕಷ್ಟ, ಆದರೆ ಅದರ ಹತ್ತಿರದ ಸಂಬಂಧಿಯ ಮೇಲೆ ನಮ್ಮಲ್ಲಿ ಬಹಳ ಮಂದಿ ಕುಳಿತಿದ್ದೇವೆ. ಬೀಡರ್‌ಮಯರ್ ಕಾಲದ ಬಡಗಿ ಮಿಖಾಯೆಲ್ ಥೋನೆಟ್ ಮರವನ್ನು ಬಗ್ಗಿಸುವ ಕಲೆ ಸಾಧಿಸಿ, ಅದನ್ನು ಮೆಚ್ಚಿದ ಅದೇ ಮೆಟರ್ನಿಕ್‌ನ ಕರೆಯ ಮೇಲೆ 1842ರಲ್ಲಿ ವಿಯೆನ್ನಾಕ್ಕೆ ಬಂದ. 1859ರಲ್ಲಿ ಅವನು ತಂದ 14ನೇ ನಂಬರಿನ ಕುರ್ಚಿಗೆ ಆರೇ ತುಂಡು ಮರ, ಹತ್ತು ತಿರುಪು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಇರಾನಿ ಹೋಟೆಲುಗಳಲ್ಲಿ ಅಮೃತಶಿಲೆಯ ಮೇಜಿನ ಸುತ್ತ ಇರುವ ಬಾಗಿದ ಬೆನ್ನಿನ ಕಪ್ಪು ಕುರ್ಚಿಗಳು ಆ ಕುಲದವೇ. ರಾತ್ರಿ ಕಾಲೇಜಿಗೆ ಹೋಗುವ ಮುನ್ನ ಅದರ ಮೇಲೆ ಕುಳಿತು ಬನ್ ಮಸ್ಕಾ ತಿಂದು ಅಕೌಂಟೆನ್ಸಿ ಓದಿದವರಲ್ಲಿ ನಾನೂ ಒಬ್ಬ. ಹಳೆಯ ಮರದ ಆಸೆ ಇದ್ದವರು ಚೋರ್ ಬಜಾರ್‌ನ ಮಟನ್ ಸ್ಟ್ರೀಟ್, ಜೋಗೇಶ್ವರಿಯ ಓಶಿವಾರಾ ಅಂಗಡಿಗಳನ್ನು ಒಮ್ಮೆ ಸುತ್ತಬಹುದು. ಚೀಟಿ ಓದುವ ಮೊದಲು ಅಡಿಭಾಗ ನೋಡಿ.

ಮಗಳು ಸೋಫಾಕ್ಕೆ ಹಳದಿ, ನೀಲಿ ಪಟ್ಟೆಯ ಬಟ್ಟೆ ಹಾಕಿಸಿದಳು, ತಾಯಿಯ ಆಯ್ಕೆ. ಈ ವರ್ಷದ ಯುಗಾದಿಗೆ ಅಲ್ಲಿಯ ಪರಿಚಯದ ಐದಾರು ಕನ್ನಡ ಕುಟುಂಬಗಳು ಅವಳ ಮನೆಯಲ್ಲಿ ಸೇರಿದ್ದವು. ಫೋನಿನ ಪರದೆಯಲ್ಲಿ ಎಣಿಸಿದೆ: ಸೋಫಾದ ಮೇಲೆ ನಾಲ್ಕು ಜನ, ಕೈಯ ಮೇಲೆ ಒಂದು ಮಗು. ಹೋಳಿಗೆಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಚಹದ ಲೋಟಗಳನ್ನು ಮಾತ್ರ ಎಲ್ಲರೂ ಕೈಯಲ್ಲೇ ಹಿಡಿದುಕೊಂಡಿದ್ದರು.